ಹೇಳೋ ‘ನಾನು’, ಹೇಳದೆ ಬಿಡೋ ‘ನಾನು’

ಎಲ್ರಿಗೂ ನಮಸ್ಕಾರ. ಇತ್ತೀಚೆಗೆ ಓದಿದ ಪುಸ್ತಕಗಳ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಮೊದ್ಲು ಮಾಡಿದ ಕೆಲಸ ಅಂದ್ರೆ ಮಂಚದ ಪಕ್ಕ ಬಿದ್ದಿದ್ದ ಪುಸ್ತಕಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದು. ಪೇರಿಸಿ ನೋಡಿದ್ರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧಾನೇ ಇಲ್ಲ, ಒಂದು ಪತ್ತೇದಾರಿ, ಒಂದು ನೀಳ್ಗತೆ, ಒಂದು ಆತ್ಮಕತೆ, ಡಾಕ್ಟರೊಬ್ಬರು ಬರೆದ ರೋಗಿಗಳ ಕತೆ, ಒಂದು ಕಾಮಿಕ್ಸು, ಮಧ್ಯದಲ್ಲಿ ನಲವತ್ತನೇ ಪುಟಕ್ಕೆ ಕಿವಿ ಮಡಚಿ ಬಿಟ್ಟಿರೋ ಒಂದು ಸೆಲ್ಫ್ ಹೆಲ್ಪು. ಇದನ್ನ ಇಟ್ಕೊಂಡು ಏನಪ್ಪಾ ಮಾತಾಡೋದು ಅಂತ ಎರಡು ದಿನ ತಲೆ ಕೆರ್ಕೊಂಡ ಮೇಲೆ ಹೊಳೀತು, ಈ ಅಷ್ಟೂ ಪುಸ್ತಕದಲ್ಲಿ ‘ನಾನು’ ಅಂತ ಒಬ್ಬ ಕೂತ್ಕೊಂಡು ಹೇಳ್ತಾ ಇದಾನೆ, ಮತ್ತೆ ಪ್ರತಿಯೊಬ್ಬನೂ ಏನನ್ನೋ ಹೇಳದೆ ಬಿಡ್ತಾ ಇದಾನೆ. ನಂಗೆ ರುಚಿ ಹತ್ತಿದ್ದು ಆ ಬಿಟ್ಟಿದ್ದರ ಬಗ್ಗೆ.

ಪತ್ತೇದಾರಿಯಿಂದ ಶುರು ಮಾಡ್ತೀನಿ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’, 1926ರದ್ದು. ಓದದೇ ಇರೋರು ಎರಡು ನಿಮಿಷ ಕಿವಿ ಮುಚ್ಕೊಳ್ಳಿ, ನೂರು ವರ್ಷದ ಗುಟ್ಟನ್ನ ಇನ್ನೂ ಕಾಪಾಡಿ ಅಂದ್ರೆ ನನ್ ಕೈಲಾಗಲ್ಲ. ಹಳ್ಳಿ ಡಾಕ್ಟರೊಬ್ಬ ಕತೆ ಹೇಳ್ತಾನೆ, ಪಕ್ಕದ ಮನೆಗೆ ಬಂದು ರಿಟೈರ್ ಆಗಿ ತರಕಾರಿ ಬೆಳ್ಕೊಂಡಿರೋನು ಪತ್ತೇದಾರ ಪೊಯ್ರೋ, ಊರಿನ ಶ್ರೀಮಂತನ ಕೊಲೆ ಆಗುತ್ತೆ, ಕೊಲೆ ಮಾಡಿದೋನು ಕತೆ ಹೇಳ್ತಿರೋ ಡಾಕ್ಟರೇ. ಕಾಲೇಜಲ್ಲಿ ಓದಿದಾಗ ನಂಗೆ ಸಿಟ್ಟು ಬಂದಿತ್ತು, ಇದು ಮೋಸ ಅಂತ ಫ್ರೆಂಡ್ಸ್ ಹತ್ರ ಜಗಳ ಆಡಿದ್ದೆ. ಈ ಸಲ ಕೊಲೆಗಾರ ಯಾರು ಅಂತ ಗೊತ್ತಿಟ್ಕೊಂಡೇ ಓದಿದೆ, ನಿಧಾನಕ್ಕೆ, ಪೆನ್ಸಿಲ್ ಹಿಡ್ಕೊಂಡು. ಒಂದು ಕಡೆ ಅವನು ಹೇಳ್ತಾನೆ, ಆ ಶ್ರೀಮಂತನಿಗೆ ಕಾಗದ ತಂದು ಕೊಟ್ಟಾಗ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇತ್ತು, ನಾನು ಎದ್ದು ಹೊರಟಾಗ ಒಂಬತ್ತಕ್ಕೆ ಹತ್ತು ನಿಮಿಷ, ಆಗ್ಲೂ ಕಾಗದ ಓದಿರ್ಲಿಲ್ಲ, ಅಂತ. ಅಷ್ಟೇ. ಒಂದೂ ಸುಳ್ಳಿಲ್ಲ. ಮಧ್ಯದ ಹತ್ತು ನಿಮಿಷ ಮಾತ್ರ ಇಲ್ಲ, ಕೊಲೆ ಆಗಿದ್ದು ಅದ್ರಲ್ಲೇ. ಕೊನೇ ಅಧ್ಯಾಯದಲ್ಲಿ ಅವನೇ ತಾನು ಬರೆದ ಆ ವಾಕ್ಯಗಳನ್ನ ತಿರುಗಿಸಿ ನೋಡಿ, ಎಷ್ಟು ಚೆನ್ನಾಗಿ ಬರ್ದಿದೀನಿ ಅಂತ ಬೆನ್ನು ತಟ್ಕೊಳ್ತಾನೆ. ಮೋಸ ಅಲ್ಲ ಇದು ಅಂತ ಈಗ ಒಪ್ಕೊಂಡಿದೀನಿ, ಆ ಹತ್ತು ನಿಮಿಷ ನನ್ನ ಕಣ್ಣೆದುರೇ ಇತ್ತು, ನಾನು ಕೊಲೆಗಾರನ್ನ ಹುಡ್ಕೋ ಅವಸರದಲ್ಲಿ ದಾಟ್ಕೊಂಡು ಹೋಗಿದ್ದೆ ಅಷ್ಟೇ. ಹಾಂ, ಕಿವಿ ಬಿಡಬಹುದು ಈಗ.

ಅದನ್ನ ಮುಗಿಸಿದ ವಾರದಲ್ಲೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮತ್ತೆ ಕೈಗೆ ಬಂತು, 2013ರ ಪುಸ್ತಕ. ಒಂದೇ ಸಲ ಕೂತು ಓದಿ ಮುಗಿಸಬಹುದಾದಷ್ಟು ಚಿಕ್ಕದು, ಆದ್ರೆ ಓದಿ ಎದ್ದ ಮೇಲೆ ಅದು ಮುಗಿಯಲ್ಲ. ಇಲ್ಲಿ ‘ನಾನು’ಗೆ ಹೆಸರೇ ಇಲ್ಲ. ಕಾಫಿ ಹೌಸಲ್ಲಿ ಕೂತಿರ್ತಾನೆ, ವೇಟರ್ ವಿನ್ಸೆಂಟ್ ಹೇಳಿದ್ದೆಲ್ಲ ಅವನಿಗೆ ದೇವವಾಣಿ, ಮನೆಯವರ ಮಸಾಲೆ ಕಂಪನಿಯಲ್ಲಿ ಡೈರೆಕ್ಟರು, ಆದ್ರೆ ಮಾಡೋ ಕೆಲಸ ಏನೂ ಇಲ್ಲ. ತುಂಬಾ ಸೌಮ್ಯ ಮನುಷ್ಯ, ಮಾತಿನಲ್ಲಿ ಒಂದು ಚೂರೂ ಒರಟಿಲ್ಲ. ಹಳೇ ಮನೆಯಲ್ಲಿ ಅಮ್ಮ ಇರುವೆಗಳ ಮೇಲೆ ಯುದ್ಧ ಸಾರೋದನ್ನ ಎಷ್ಟು ವಿವರವಾಗಿ ಹೇಳ್ತಾನೆ ಅಂದ್ರೆ ಓದ್ತಾ ಓದ್ತಾ ಕಾಲು ಕೊಡವ್ಕೋಬೇಕು ಅನ್ಸುತ್ತೆ. ಒಂದಿನ ಚಿಕ್ಕಪ್ಪನ್ನ ಕೇಳ್ಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ, ಅವನಿಗೆ ಇಷ್ಟ ಅಂತ ಅಡಿಗೆ ಮಾಡಿ ತಂದಿರ್ತಾಳೆ, ಮನೆಯ ಹೆಂಗಸರು ಅವಳನ್ನ ಬೈದು ಅಟ್ಟಿಬಿಡ್ತಾರೆ. ಇವನು ಅಲ್ಲೇ ಇದ್ದ. ಇದ್ದು ಏನೂ ಮಾಡ್ಲಿಲ್ಲ. ಅವನ ಹೆಂಡತಿ ಅನಿತಾಗೆ ತಡೆಯೋಕೆ ಆಗದೇ ಇದ್ದಿದ್ದು ಇದೇ. ಮೊದಲ ಓದಿನಲ್ಲಿ ನಾನು ಇವನ ಜೊತೆ ನಿಂತಿದ್ದೆ ಅಂತ ಒಪ್ಕೊಳ್ಳೋಕೆ ನಾಚಿಕೆ ಆಗುತ್ತೆ, ಪಾಪ ಇಂಥ ಮನೆಯಲ್ಲಿ ಸಿಕ್ಕಾಕ್ಕೊಂಡಿದಾನೆ ಅಂತ. ಡಾಕ್ಟರು ಹತ್ತು ನಿಮಿಷ ಬಚ್ಚಿಟ್ಟ, ಇವನು ಬಚ್ಚಿಡೋದು ತನಗೆ ಎಷ್ಟು ಗೊತ್ತಿದೆ ಅನ್ನೋದನ್ನ. ಕೊನೆ ಹೇಳಲ್ಲ, ಇದಕ್ಕೆ ನೂರು ವರ್ಷ ಆಗಿಲ್ಲ.

ಸೆಲ್ಫ್ ಹೆಲ್ಪ್ ಪುಸ್ತಕದ ಹೆಸರು ಬೇಡ ಬಿಡಿ. ಅದರ ‘ನಾನು’ ಐದು ಗಂಟೆಗೆ ಎದ್ದ, ಸೋತ, ಮತ್ತೆ ಎದ್ದ, ಗೆದ್ದ. ಎಲ್ಲಾನೂ ಹೇಳ್ತಾನೆ, ಹೇಳಿದ್ದನ್ನೇ ಚೌಕದೊಳಗೆ ಹಾಕಿ ಇನ್ನೊಂದ್ಸಲ ಹೇಳ್ತಾನೆ, ಓದೋರಿಗೆ ಅಂತ ಒಂದು ಕೆಲಸಾನೂ ಇಟ್ಟಿಲ್ಲ.

ಆಮೇಲೆ ಸಿದ್ದಲಿಂಗಯ್ಯನವರ ‘ಊರುಕೇರಿ’. ಇದನ್ನ ಓದಿರೋರಿಗೆ ಮೊದಲ ದೃಶ್ಯ ಮರೆಯೋಕೆ ಸಾಧ್ಯ ಇಲ್ಲ. ಇಬ್ಬರು ಮನುಷ್ಯರು ಎತ್ತಿನ ಹಾಗೆ ಹೆಗಲ ಮೇಲೆ ನೊಗ ಹೊತ್ತು ಎಳೀತಾ ಇದಾರೆ, ಹಿಂದೆ ಇನ್ನೊಬ್ಬ ಉಳ್ತಾ ಇದಾನೆ, ನೊಗ ಹೊತ್ತೋರಲ್ಲಿ ಒಬ್ಬರು ಹುಡುಗನ ಅಪ್ಪ. ಬೇರೆ ಯಾರಾದ್ರೂ ಆಗಿದ್ರೆ ಇದರ ಮೇಲೆ ಹತ್ತು ಪುಟ ಬರೀತಿದ್ರು. ಇವರು ‘ಹೊಲೆಮಾದಿಗರ ಹಾಡು’ ಬರೆದ ಕವಿ, 1975ರಲ್ಲಿ ಬಂದ ಆ ಹಾಡುಗಳಲ್ಲಿ ಸಿಟ್ಟು ಹೇಗೆ ಉರೀತಿತ್ತು ಅಂತ ನಿಮಗೆಲ್ಲ ಗೊತ್ತು, ಅದೇ ಮನುಷ್ಯ ತನ್ನ ಬಾಲ್ಯ ಹೇಳೋಕೆ ಕೂತಾಗ ಸಿಟ್ಟನ್ನ ಬದಿಗಿಟ್ಟು ತಮಾಷೆ ಮಾಡ್ತಾರೆ. ದೆವ್ವದ ಕತೆ ಬರುತ್ತೆ, ಹಾಸ್ಟೆಲ್ ಹುಡುಗರ ಪುಂಡಾಟ ಬರುತ್ತೆ, ಜೋರಾಗಿ ನಕ್ಕಿದೀನಿ ನಾನು, ನಗ್ತಾ ನಗ್ತಾ ಇದು ಹಸಿವಿನ ಕತೆ ಅಲ್ವಾ ಅಂತ ನೆನಪಾಗಿ ಬಾಯಿ ಮುಚ್ಕೊಂಡಿದೀನಿ. ಇಷ್ಟೊಂದು ನಗು ಯಾಕೆ ಅನ್ನೋ ಪ್ರಶ್ನೆ ನಂಗೂ ಮೊದ್ಲು ಬಂದಿತ್ತು. ಈಗ ಅನ್ಸೋದು, ಇಲ್ಲಿ ಬಿಟ್ಟಿರೋದು ಬಚ್ಚಿಡೋಕೆ ಅಲ್ಲ. ಅಪ್ಪನ ಹೆಗಲನ್ನ ತೋರಿಸಿಬಿಟ್ಟ ಮೇಲೆ, ನೋಡಿ ಎಷ್ಟು ಅನ್ಯಾಯ ಅಂತ ನಮ್ಮ ಕಿವೀಲಿ ಉಸುರೋದು ಅವರಿಗೆ ಬೇಕಾಗಿರ್ಲಿಲ್ಲ, ಆ ಮಾತನ್ನ ನಾವೇ ಆಡ್ಕೋಬೇಕು.

ಬಾನು ಮುಷ್ತಾಕ್ ಅವರ ಕತೆಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗ್ತೀನಿ, 2025ರಲ್ಲಿ ದೀಪಾ ಭಾಸ್ತಿಯವರ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗಿಂದ ಅದರ ಬಗ್ಗೆ ಬೇಕಾದಷ್ಟು ಭಾಷಣ ಆಗಿದೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಅನ್ನೋ ಕತೆಯಲ್ಲಿ ‘ನಾನು’ ಮಾತಾಡೋದು ದೇವರ ಹತ್ರ. ಕೇಳೋನಿಗೆ ಎಲ್ಲಾ ಗೊತ್ತು, ಹಾಗಾಗಿ ಅವಳಿಗೆ ಏನನ್ನೂ ಮುಚ್ಚಿಡೋ ಗೋಜಿಲ್ಲ, ನೇರ ತಕರಾರು. ನಾವು ಓದುಗರು ಅಲ್ಲಿ ಕದ್ದು ಕೇಳಿಸ್ಕೊಳ್ಳೋರು.

ಡಾಕ್ಟರ್ ಪುಸ್ತಕಕ್ಕೆ ಬರ್ತೀನಿ, ಈ ಸಲದ ಓದಿನಲ್ಲಿ ನನ್ನ ತಲೇಲಿ ಜಾಸ್ತಿ ಕೂತಿರೋದು ಇದೇ. ಆಲಿವರ್ ಸ್ಯಾಕ್ಸ್, ನರರೋಗ ತಜ್ಞ, 1985ರ ‘ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’. ಸಂಗೀತದ ಮೇಷ್ಟ್ರು ಒಬ್ಬರು, ಪುಸ್ತಕದಲ್ಲಿ ಅವರ ಹೆಸರು ಡಾಕ್ಟರ್ ಪಿ. ಕಣ್ಣು ಸರಿಯಾಗೇ ಇದೆ, ಬುದ್ಧಿ ಚುರುಕಾಗಿದೆ, ಆದ್ರೆ ನೋಡಿದ್ದು ಏನು ಅಂತ ಗೊತ್ತಾಗಲ್ಲ. ಶಿಷ್ಯರನ್ನ ಮುಖ ನೋಡಿ ಗುರುತು ಹಿಡಿಯಲ್ಲ, ಬಾಯಿ ಬಿಟ್ರೆ ದನಿಯಲ್ಲಿ ಹಿಡೀತಾರೆ. ಸ್ಯಾಕ್ಸ್ ಒಂದು ಗ್ಲೌಸ್ ಕೈಗೆ ಕೊಟ್ಟು ಇದೇನು ಅಂತ ಕೇಳ್ತಾರೆ. ಇವರು ತಿರುಗಿಸಿ ತಿರುಗಿಸಿ ನೋಡಿ, ಒಂದೇ ಮೈಯಾಗಿದ್ದು ತನ್ನೊಳಗೇ ಮಡಚಿಕೊಂಡಿದೆ, ಹೊರಗೆ ಚಾಚಿಕೊಂಡ ಐದು ಚೀಲದಂಥವಿವೆ ಅನ್ನೋ ಅರ್ಥದಲ್ಲಿ ವಿವರಿಸ್ತಾರೆ, ಐದು ಸೈಜಿನ ಚಿಲ್ಲರೆ ಹಾಕ್ಕೊಳ್ಳೋ ಪರ್ಸ್ ಇರಬಹುದೇನೋ ಅಂತಾರೆ. ಕೈಗೆ ಹಾಕ್ಕೊಳ್ಳೋದು ಅಂತ ಮಾತ್ರ ಹೊಳೆಯಲ್ಲ. ಗುಲಾಬಿ ಕೊಟ್ರೂ ಅಷ್ಟೇ, ಸುರುಳಿ ಸುರುಳಿ ಕೆಂಪು ಆಕಾರ, ಅದಕ್ಕೊಂದು ಹಸಿರು ಗೆರೆ. ಮೂಸಿ ನೋಡಿ ಅಂತ ಸ್ಯಾಕ್ಸ್ ಹೇಳ್ತಾರೆ, ಮೂಸಿದ ತಕ್ಷಣ ಮುಖ ಅರಳುತ್ತೆ, ಅರೆ, ಗುಲಾಬಿ! ಇದನ್ನ ಓದಿ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ನಮ್ಮ ಎಷ್ಟೋ ಪುಸ್ತಕ ವಿಮರ್ಶೆಗಳು ಈ ಗ್ಲೌಸಿನ ವರ್ಣನೆ ಥರಾನೇ ಅಲ್ವಾ, ನಾನು ಬರ್ದಿರೋದೂ ಸೇರಿಸಿ, ತಂತ್ರ ಹೀಗಿದೆ, ರೂಪಕ ಹಾಗಿದೆ, ಐದು ಚೀಲ ಇದೆ, ಎಲ್ಲಾ ಕರೆಕ್ಟು, ಕೈ ಹಾಕಿ ಮಾತ್ರ ನೋಡಿರಲ್ಲ. ಡಾಕ್ಟರ್ ಪಿ ಅವರೊಳಗಿನ ‘ನಾನು’ ಏನನ್ನೂ ಬಚ್ಚಿಡೋದಿಲ್ಲ, ಪಾಪ ಅವರಿಗೆ ಅದು ಕಾಣೋದೇ ಇಲ್ಲ. ಅವರ ಹೆಂಡತಿ ಹೇಳ್ತಾರೆ, ಊಟ, ಸ್ನಾನ, ಬಟ್ಟೆ ಹಾಕ್ಕೊಳ್ಳೋದು ಎಲ್ಲಾ ಹಾಡು ಗುನುಗ್ತಾನೇ ಆಗ್ಬೇಕು, ಹಾಡು ಮಧ್ಯೆ ನಿಂತ್ರೆ ಅವರೂ ನಿಂತುಬಿಡ್ತಾರೆ ಅಂತ.

ಕೊನೇದು ಕಾಮಿಕ್ಸು. ಮಕ್ಕಳ ಪುಸ್ತಕ ಅಂದ್ಕೊಂಡು ತುಂಬಾ ವರ್ಷ ಮುಟ್ಟಿರ್ಲಿಲ್ಲ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’, 1986ರಲ್ಲಿ ಮೊದಲ ಭಾಗ, 1991ರಲ್ಲಿ ಎರಡನೇದು, ಮರುವರ್ಷ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ನಲ್ಲಿ ಬದುಕಿ ಉಳಿದ ಅಪ್ಪ ವ್ಲಾಡೆಕ್ ಹೇಳ್ತಾ ಹೋಗ್ತಾನೆ, ಮಗ ಟೇಪ್ ಮಾಡ್ಕೊಂಡು ಬಿಡಿಸ್ತಾ ಹೋಗ್ತಾನೆ. ಈ ಅಪ್ಪ ಸಂತ ಅಲ್ಲ, ಮಹಾ ಜುಗ್ಗ, ಅರ್ಧ ತಿಂದ ಸೀರಿಯಲ್ ಡಬ್ಬಾನ ಅಂಗಡಿಗೆ ವಾಪಸ್ ಕೊಟ್ಟು ಬರ್ತಾನೆ, ಬೀದೀಲಿ ಬಿದ್ದ ವೈರನ್ನೂ ಆರಿಸ್ಕೊಳ್ತಾನೆ, ಮಗ ಇದ್ಯಾವುದನ್ನೂ ಮುಚ್ಚಿಡದೆ ಬಿಡಿಸ್ತಾನೆ, ಜೊತೆಗೆ ಇದನ್ನೆಲ್ಲ ಬಿಡಿಸ್ತಿರೋದಕ್ಕೆ ತನಗಾಗೋ ಕಸಿವಿಸೀನೂ ಬಿಡಿಸ್ತಾನೆ.

ಅಮ್ಮ ಅನ್ಯಾನೂ ಅದೇ ಆಶ್‌ವಿಟ್ಜ್‌ನಿಂದ ಬದುಕಿ ಬಂದೋಳು, 1968ರಲ್ಲಿ ಆತ್ಮಹತ್ಯೆ ಮಾಡ್ಕೊಂಡ್ಳು. ಅವಳು ಎಲ್ಲಾನೂ ಬರೆದಿಟ್ಟಿದ್ಳು, ಆ ನೋಟ್‌ಬುಕ್ಕುಗಳು ಎಲ್ಲಿ ಅಂತ ಮಗ ಪುಸ್ತಕ ಪೂರ್ತಿ ಕೇಳ್ತಾನೇ ಇರ್ತಾನೆ, ಅಪ್ಪ ಹುಡುಕಿ ಕೊಡ್ತೀನಿ ನೋಡೋಣ ಅಂತ ಮುಂದಕ್ಕೆ ಹಾಕ್ತಾ ಇರ್ತಾನೆ. ಮೊದಲ ಭಾಗದ ಕೊನೇಲಿ ಬಾಯಿ ಬಿಡ್ತಾನೆ, ನೆನಪು ತಡ್ಕೊಳ್ಳೋಕೆ ಆಗ್ಲಿಲ್ಲ, ಎಲ್ಲಾ ಸುಟ್ಟುಹಾಕ್ದೆ. ಮಗ ಆ ಕ್ಷಣಕ್ಕೆ ಅಪ್ಪನ್ನ ಕೊಲೆಗಾರ ಅಂತ ಕರೀತಾನೆ. ಪತ್ತೇದಾರಿ ಕಾದಂಬರಿಯಲ್ಲಿ ಹತ್ತು ನಿಮಿಷ ಕಳೆದು ಹೋಗಿದ್ದಕ್ಕೆ ಅಷ್ಟು ಖುಷಿ ಪಟ್ಟಿದ್ದೋನು ನಾನು, ಇಲ್ಲಿ ಕಳೆದಿದ್ದು ಒಬ್ಬಳ ಇಡೀ ‘ನಾನು’, ಎಷ್ಟು ಸಲ ಹಿಂದಕ್ಕೆ ತಿರುಗಿಸಿ ಪೆನ್ಸಿಲ್ ಹಿಡ್ಕೊಂಡು ಓದಿದ್ರೂ ಸಿಗಲ್ಲ. ಎರಡನೇ ಭಾಗ ಪಕ್ಕದಲ್ಲೇ ಇತ್ತು, ನಾಲ್ಕು ದಿನ ತೆಗೀಲಿಲ್ಲ.