ಮದ್ದಳೆಯ ಕಪ್ಪು ಬೊಟ್ಟು

ಕೇಳುಗರಿಗೆ ನಮಸ್ಕಾರ. ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಯಕ್ಷಗಾನದ ಮದ್ದಳೆ ನೋಡದವರು ಇರಲಿಕ್ಕಿಲ್ಲ. ಅದರ ಬಲಮುಚ್ಚಿಗೆಯ, ಅಂದರೆ ಬಲಬದಿಯ ಚರ್ಮದ ನಡುವೆ ಕಪ್ಪು ಬೊಟ್ಟು ಇದೆಯಲ್ಲ, ಕರಣೆ? ಇವತ್ತು ಅದೊಂದರದ್ದೇ ಮಾತು. ಅದು ಅಲಂಕಾರ ಅಲ್ಲ. ಮದ್ದಳೆ ಶ್ರುತಿಗೆ ಸೇರುವುದೇ ಅದರಿಂದ.

ನಾನು ಹೈಸ್ಕೂಲಿನಲ್ಲಿದ್ದಾಗ ಶಿರಸಿ ಹತ್ತಿರದ ಗದ್ದೆಯಲ್ಲೊಂದು ಬಯಲಾಟ. ಕಂಬಳಿ ಹೊದ್ದು, ಮದ್ದಳೆಯವರ ಮಗ್ಗುಲಲ್ಲೇ ಕೂತಿದ್ದೆ. ನಡುರಾತ್ರಿ ದಾಟಿತ್ತು, ಇಬ್ಬನಿ ಸುರಿಯುತ್ತಿತ್ತು. ತೇವಕ್ಕೆ ಚರ್ಮ ಸಡಿಲಾದರೆ ದನಿ ಇಳಿಯುತ್ತದೆ, ಅಲ್ವಾ. ಅವರು ಬಿಡುವು ಸಿಕ್ಕಾಗಲೆಲ್ಲ ಅಂಚಿಗೆ ಕುಟ್ಟಿ ಏರಿಸುತ್ತಿದ್ದರು. ಹಾಗೆ ಕುಟ್ಟುವಾಗಲೇ ಕರಣೆ ಅರ್ಧಕ್ಕರ್ಧ ಎದ್ದು ಚಾಪೆ ಮೇಲೆ ಬಿತ್ತು. ಮುಂದಿನ ಪೆಟ್ಟಿಗೆ 'ತೋಂ' ಹೋಗಿ 'ದಬ್' ಅಂದಿತು. ಮತ್ತೆ ಕುಟ್ಟಿದರು. ದನಿ ಏರಿತು, ಹಾರ್ಮೋನಿಯಂ ಜೊತೆ ಮಾತ್ರ ಕೂಡಲಿಲ್ಲ. ಕೊನೆಗೆ ಚೀಲದಿಂದ ಇನ್ನೊಂದು ಮದ್ದಳೆ ತೆಗೆದರು. ನಾನು ಬಿದ್ದ ಚಕ್ಕೆ ಎತ್ತಿಕೊಂಡೆ. ಉಗುರಿನಷ್ಟು ದೊಡ್ಡದು, ಆದರೂ ಕೈಗೆ ಭಾರ. ಬೆಳಗಿನ ತನಕ ಅದು ನನ್ನ ಮುಷ್ಟಿಯಲ್ಲೇ ಇತ್ತು.

ಬಿಗಿ ಮಾಡಿದರೆ ಸಾಕು, ಶ್ರುತಿ ಬರುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಬರುವುದಿಲ್ಲ! ಬಿಗಿ ಮಾಡಿದರೆ ದನಿ ಏರುತ್ತದೆ, ಅಷ್ಟೇ.

ತಂಬೂರಿಯ ತಂತಿ ಮೀಟಿ. ಅದು ಒಂದೇ ವೇಗದಲ್ಲಿ ಅಲುಗುವುದಿಲ್ಲ. ಮೂಲ ವೇಗದ 2 ಪಟ್ಟು, 3 ಪಟ್ಟು, 4 ಪಟ್ಟು, ಎಲ್ಲ ಒಟ್ಟಿಗೇ ನಡೆಯುತ್ತವೆ. ಲೆಕ್ಕ ಸರಿಯಾಗಿ ಕೂಡುವುದರಿಂದ ಕಿವಿಗೆ ಒಂದೇ ಸ್ವರ. ಬರೀ ಚರ್ಮದಲ್ಲಿ ಈ ಲೆಕ್ಕ 1.59, 2.14, ಹೀಗೆ ಹರಿದುಹೋಗುತ್ತದೆ. ಒಂದೊಂದು ಒಂದೊಂದು ಕಡೆ ಎಳೆದರೆ ಸ್ವರ ಎಲ್ಲಿಂದ ಬರಬೇಕು? ನಮ್ಮ ಕುಶಲಕರ್ಮಿಗಳು ಕಬ್ಬಿಣದ ಕಿಟ್ಟದ ಪುಡಿ, ಅನ್ನ ಸೇರಿಸಿ ಅರೆದು, ಪದರದ ಮೇಲೆ ಪದರ ಹಚ್ಚಿ, ನುಣುಪು ಕಲ್ಲಿನಿಂದ ತಿಕ್ಕಿ, ನಡುವೆ ಭಾರ ಕೂರಿಸಿದರು. ಆ ಭಾರಕ್ಕೆ ಚರ್ಮವೂ ತಂತಿಯ ಹಾಗೆ 2, 3, 4 ಅಂತ ಲೆಕ್ಕಕ್ಕೆ ಬಂತು. ಮೃದಂಗ, ತಬಲಾದಲ್ಲಿ ಇದನ್ನೇ ಕಂಡು ಸಿ. ವಿ. ರಾಮನ್ 1920ರಲ್ಲಿ ಬರೆದರು. ಮಾಡಿದವರು ಮಾತ್ರ ಎಷ್ಟೋ ಮೊದಲೇ ಬರೀ ಕಿವಿಯಿಂದ ಮಾಡಿ ಮುಗಿಸಿದ್ದರು.

ಚಂಡೆ ಬಗ್ಗೆಯೂ ಹೇಳಬೇಕಿತ್ತು, ಸಮಯ ಆಗಿಹೋಯಿತು. ಒಂದೇ ಮಾತು: ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ದರೆ, ಶಬ್ದ ಬಾಗಿ ಕೆಳಗೇ ಬರುತ್ತದೆ. ಆಚೆ ಊರಿನ ಚಂಡೆ ನಿಮ್ಮ ಜಗಲಿಗೆ ಕೇಳುವುದು ಅದಕ್ಕೇ. ಕೇಳಿದರೆ ಸುಮ್ನೆ ಮಲಗಬೇಡಿ, ಎದ್ದು ಹೋಗಿ. ಮದ್ದಳೆಯವರ ಪಕ್ಕ ಜಾಗ ಹಿಡಿದು ಆ ಕರಣೆಯನ್ನೊಮ್ಮೆ ನೋಡಿ. ನಮಸ್ಕಾರ.