ಮುಟ್ಟಿ ನೋಡಲು ಬಿಡುವ ಹಳೆಯ ಮನೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಸರಾಂತ ಹಳೆಯ ಮನೆಯೊಂದನ್ನು ನೋಡಲು ಮಕ್ಕಳ ಜೊತೆ ಹೋಗಿದ್ದೀರಿ ಅಂದುಕೊಳ್ಳಿ. ಕೋಣೆಯ ಬಾಗಿಲಿಗೆ ಅಡ್ಡವಾಗಿ ಒಂದು ಹಗ್ಗ. ಅದರಾಚೆ ಮೇಜು, ಕುರ್ಚಿ, ಗೋಡೆಯ ಮೇಲೆ ಯಾರದೋ ಚಿತ್ರ. ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ದೊಡ್ಡವರು ಬರೆದಿದ್ದನ್ನೆಲ್ಲ ಓದುತ್ತಾ ನಿಲ್ಲುತ್ತಾರೆ. ಮಕ್ಕಳು ಎರಡು ಕೋಣೆ ದಾಟುವಷ್ಟರಲ್ಲಿ ‘ಹೋಗೋಣ್ವಾ’ ಅನ್ನುತ್ತಾರೆ. ಅದು ಅವರ ತಪ್ಪಲ್ಲ. ಮಕ್ಕಳಿಗೆ ಒಂದು ವಸ್ತು ತಲೆಗೆ ಹೋಗಬೇಕಾದರೆ ಮೊದಲು ಕೈಗೆ ಸಿಗಬೇಕು.

ಇದನ್ನು ಅರಿತ ಕೆಲವು ಮನೆಗಳು ಈಗ ಇಡೀ ಕುಟುಂಬ ಕೂತು ಮಾಡುವ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ಸ್ವಲ್ಪ ವಿಜ್ಞಾನ, ಸ್ವಲ್ಪ ಚಿತ್ರಕಲೆ, ಕೈತುಂಬ ಕೆಲಸ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಆದರೆ ಇದರಲ್ಲಿ ಒಂದು ವಿಷಯಕ್ಕೆ ನಾನು ಪಟ್ಟು ಹಿಡಿಯುತ್ತೇನೆ. ಆ ಮನೆಯಲ್ಲಿ ಬಾಳಿದವರು ಯಾವ ಕೆಲಸ ಮಾಡುತ್ತಿದ್ದರೋ ಅದನ್ನೇ ಮಕ್ಕಳ ಕೈಗೆ ಕೊಡಬೇಕು. ಸುಮ್ನೆ ಬಣ್ಣದ ಕಾಗದ, ಅಂಟು, ಮಿಂಚುಪುಡಿ ಕೊಟ್ಟು ಕೂರಿಸುವುದಾದರೆ ಆ ಕೆಲಸಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಮನೆಯಲ್ಲೇ ಮಾಡಬಹುದಲ್ವಾ?

ಇಂಗ್ಲೆಂಡಿನ ಕೆಲವು ಮನೆಗಳನ್ನೇ ತೆಗೆದುಕೊಂಡು ಇದನ್ನು ಹೇಳುತ್ತೇನೆ.

ವಿಲ್ಟ್‌ಶೈರ್‌ನಲ್ಲಿ ಲೇಕಾಕ್ ಆ್ಯಬಿ ಎಂಬ ದೊಡ್ಡ ಮನೆಯಿದೆ. ಮೊದಲು ಅದು ಕ್ರೈಸ್ತ ಸನ್ಯಾಸಿನಿಯರ ಮಠ. ಆಮೇಲೆ ವಾಸದ ಮನೆಯಾಯಿತು. 19ನೇ ಶತಮಾನದಲ್ಲಿ ಅಲ್ಲಿದ್ದವರು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. 1833ರಲ್ಲಿ ಅವರು ಇಟಲಿಯ ಕೋಮೊ ಸರೋವರದ ದಡದಲ್ಲಿ ಕೂತು ಚಿತ್ರ ಬರೆಯಲು ನೋಡಿದರು. ಸಹಾಯಕ್ಕೆ ಕ್ಯಾಮೆರಾ ಲೂಸಿಡಾ ಎಂಬ ಸಾಧನವೂ ಇತ್ತು. ಆದರೂ ಚಿತ್ರ ಕೈಗೆ ಹತ್ತಲಿಲ್ಲ. ಬೆಳಕೇ ತಾನಾಗಿ ಕಾಗದದ ಮೇಲೆ ಚಿತ್ರ ಬರೆದರೆ ಎಷ್ಟು ಚೆನ್ನ ಎಂಬ ಆಸೆ ಅಲ್ಲಿ ಹುಟ್ಟಿತು. ಮನೆಗೆ ಬಂದು ಕಾಗದವನ್ನು ಉಪ್ಪುನೀರಿನಲ್ಲಿ ನೆನೆಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಹಚ್ಚಿ ನೋಡಿದರು. ಬೆಳಕು ಬಿದ್ದಲ್ಲಿ ಕಾಗದ ಕಪ್ಪಾಗುತ್ತಿತ್ತು. ಲೆನ್ಸ್ ಕೂರಿಸಿದ ಪುಟ್ಟ ಮರದ ಪೆಟ್ಟಿಗೆಗಳನ್ನು ಮಾಡಿಸಿ ಅಲ್ಲಲ್ಲಿ ಇಟ್ಟರು. ಅವರ ಹೆಂಡತಿ ಕಾನ್ಸ್ಟೆನ್ಸ್ ಆ ಪೆಟ್ಟಿಗೆಗಳನ್ನು ಇಲಿ ಬೋನು ಎಂದು ಕರೆಯುತ್ತಿದ್ದರು. 1835ರ ಆಗಸ್ಟಿನಲ್ಲಿ ಒಂದು ಪೆಟ್ಟಿಗೆಯೊಳಗಿನ ಕಾಗದದ ಮೇಲೆ ಮನೆಯ ಕಿಟಕಿಯೊಂದರ ಚಿತ್ರ ಮೂಡಿತು. ಇವತ್ತಿಗೂ ಉಳಿದಿರುವ ಅತಿ ಹಳೆಯ ಫೋಟೊ ನೆಗೆಟಿವ್ ಅದೇ. ಅಂಚೆಚೀಟಿಯಷ್ಟು ಚಿಕ್ಕದು. ಹೊಸದರಲ್ಲಿ ಭೂತಗನ್ನಡಿ ಹಿಡಿದರೆ ಕಿಟಕಿಯ ಸುಮಾರು 200 ಗಾಜಿನ ತುಂಡುಗಳನ್ನು ಎಣಿಸಬಹುದಿತ್ತು ಎಂದು ಟಾಲ್ಬಟ್ ಬರೆದಿಟ್ಟಿದ್ದಾರೆ.

ಆ ಕಿಟಕಿ ಇನ್ನೂ ಅಲ್ಲೇ ಇದೆ. ಅದರ ಎದುರು ಮಕ್ಕಳ ಕೈಗೆ ಒಂದು ರಟ್ಟಿನ ಡಬ್ಬಿ ಕೊಡಿ. ಒಂದು ಕಡೆ ಭೂತಗನ್ನಡಿ, ಇನ್ನೊಂದು ಕಡೆ ಟ್ರೇಸಿಂಗ್ ಕಾಗದ. ಡಬ್ಬಿಯನ್ನು ಹಿಂದೆ ಮುಂದೆ ಸರಿಸಿದ ಹಾಗೆ ಕಾಗದದ ಮೇಲೆ ಕಿಟಕಿ ತಿಳಿಯಾಗಿ ಬಂದು ನಿಲ್ಲುತ್ತದೆ. ಆದರೆ ತಲೆಕೆಳಗಾಗಿ! ಮಗು ಮೊದಲು ಮಾಡುವ ಕೆಲಸ ಡಬ್ಬಿಯನ್ನೇ ಉಲ್ಟಾ ಹಿಡಿಯುವುದು. ಚಿತ್ರ ಆಗಲೂ ತಲೆಕೆಳಗೇ. ಇಲ್ಲಿ ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ಯಾಕೆ ಹೀಗೆ ಅಂತ ಮಗುವೇ ತಲೆ ಕೆಡಿಸಿಕೊಳ್ಳಲಿ. ಮೇಲಿನಿಂದ ಬಂದ ಬೆಳಕು ಒಳಗೆ ಕೆಳಕ್ಕೆ ಹೋಗುತ್ತದೆ, ಕೆಳಗಿನದು ಮೇಲಕ್ಕೆ ಹೋಗುತ್ತದೆ ಎಂಬುದನ್ನು ಎರಡು ದಾರ ಹಿಡಿದು ತೋರಿಸಿದರೆ ಸಾಕು. ಆಮೇಲೆ ಪೆನ್ಸಿಲ್ ಕೊಟ್ಟು ಕಾಗದದ ಮೇಲೆ ಬಿದ್ದ ಚಿತ್ರವನ್ನು ತಿದ್ದಲು ಬಿಡಿ. ಚಿತ್ರ ಬರೆಯೋಕೆ ಬರಲ್ಲ ಅನ್ನುವ ಅಪ್ಪನೂ ಆಗ ಪೆನ್ಸಿಲ್ ಹಿಡಿಯುತ್ತಾರೆ.

ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುತ್ತದೆ. ಮಕ್ಕಳಿಗೆ ಅದು ಬೇಡ. ಅದರ ಬದಲು ಸಯನೋಟೈಪ್ ಇದೆ. ಟಾಲ್ಬಟ್ ಅವರ ಗೆಳೆಯ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ ಅದು. ಕಬ್ಬಿಣದ ಲವಣಗಳನ್ನು ಹಚ್ಚಿ ಕತ್ತಲಲ್ಲಿ ಒಣಗಿಸಿದ ಹಾಳೆ ಮೊದಲು ಹಳದಿ ಹಸಿರಾಗಿರುತ್ತದೆ. ಅದರ ಮೇಲೆ ಎಲೆಯಿಟ್ಟು, ಗಾಜು ಮುಚ್ಚಿ, ಬಿಸಿಲಿಗಿಡಬೇಕು. ಬಿಸಿಲಿನ ಅತಿನೇರಳೆ ಕಿರಣ ತಾಗಿದಲ್ಲಿ ಬಣ್ಣ ಬದಲಾಗುತ್ತದೆ. ನೀರಲ್ಲಿ ತೊಳೆದಾಗ ಬಿಸಿಲು ಬಿದ್ದ ಜಾಗ ಕಡು ನೀಲಿಯಾಗಿ, ಎಲೆಯಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. 1843ರಲ್ಲಿ ಆ್ಯನಾ ಆಟ್ಕಿನ್ಸ್ ಎಂಬ ಮಹಿಳೆ ಕಡಲ ಪಾಚಿಗಳನ್ನು ಹೀಗೇ ಅಚ್ಚು ತೆಗೆದು ಪುಸ್ತಕ ಮಾಡಿದರು. ಅದು ವಿಜ್ಞಾನದ ದಾಖಲೆಯೂ ಹೌದು, ಅಷ್ಟೇ ಸೊಗಸಾದ ಕಲೆಯೂ ಹೌದು.

ಇದರಲ್ಲಿ ಸಣ್ಣ ಸಣ್ಣ ಸಂಗತಿಗಳೇ ಮುಖ್ಯ. ದಪ್ಪ ಎಲೆಯಾದರೆ ಬರೀ ಬಿಳಿ ಆಕಾರ ಬರುತ್ತದೆ. ತೆಳು ಎಲೆಯಾದರೆ ಒಳಗಿನ ನರಗಳೂ ಮೂಡುತ್ತವೆ. ಗಾಜು ಸ್ವಲ್ಪ ಎದ್ದಿದ್ದರೆ ಅಂಚು ಮಸುಕಾಗುತ್ತದೆ. ಮೋಡ ಬಂದರೆ ಜಾಸ್ತಿ ಹೊತ್ತು ಬೇಕು. ಎಷ್ಟು ಹೊತ್ತು? ಅದನ್ನು ಹೇಳಿಕೊಡಬೇಡಿ. ಒಂದು ಪಟ್ಟಿ ಹಾಳೆ ಕೊಟ್ಟು, ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಹೋಗಲು ಹೇಳಿ. ತೊಳೆದು ನೋಡಿದಾಗ ಮಕ್ಕಳಿಗೇ ಲೆಕ್ಕ ಸಿಗುತ್ತದೆ.

ಮಕ್ಕಳ ಪಾಲಿಗೆ ಇನ್ನೂ ದೊಡ್ಡ ಹಬ್ಬ ಅಂದರೆ ಹಿಂದೆ ಕೆಂಟ್ ಸೀಮೆಗೆ ಸೇರಿದ್ದ, ಈಗ ಲಂಡನ್ನಿನ ಅಂಚಿನಲ್ಲಿರುವ ಡೌನ್ ಹೌಸ್. ಚಾರ್ಲ್ಸ್ ಡಾರ್ವಿನ್ 1842ರಿಂದ 1882ರಲ್ಲಿ ಸಾಯುವವರೆಗೆ ಇದ್ದ ಮನೆ. ಅಲ್ಲಿ ಬೇರೆ ಪ್ರಯೋಗಾಲಯಕ್ಕಿಂತ ಮನೆ, ತೋಟ, ಮಕ್ಕಳು ಇವರೇ ಜಾಸ್ತಿ ಕೆಲಸಕ್ಕೆ ಬಂದರು. ದುಂಬಿಗಳು ಯಾವ ದಾರಿಯಲ್ಲಿ ಹಾರುತ್ತವೆ ಎಂದು ತಿಳಿಯಲು ಡಾರ್ವಿನ್ ತಮ್ಮ ಮಕ್ಕಳನ್ನೇ ಒಂದೊಂದು ಜಾಗದಲ್ಲಿ ನಿಲ್ಲಿಸಿದರು. ದುಂಬಿ ತಮ್ಮ ಹತ್ತಿರ ಬಂದ ಕೂಡಲೇ ಮಕ್ಕಳು ಕೂಗಿ ಹೇಳಬೇಕು. ಬೀಜಗಳು ಸಮುದ್ರ ದಾಟಿ ಹೋಗಿ ಮೊಳೆಯಬಲ್ಲವೇ ಎಂದು ನೋಡಲು ಉಪ್ಪುನೀರಿನಲ್ಲಿ ನೆನೆಹಾಕಿದರು. ಅವರ ಗೆಳೆಯ, ಸಸ್ಯವಿಜ್ಞಾನಿ ಹೂಕರ್‌ಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹೂಕರ್ ಅವರನ್ನು ಗೆಲ್ಲುತ್ತೀರಾ ಎಂದು ಮಕ್ಕಳು ಅಪ್ಪನನ್ನು ಕುತೂಹಲದಿಂದ ಕೇಳುತ್ತಿದ್ದರಂತೆ. ಕೊನೆಗೆ 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ಉಪ್ಪುನೀರಲ್ಲಿದ್ದೂ ಮೊಳೆತವು. ಕೆಲವಂತೂ 137 ದಿನ ತಡೆದುಕೊಂಡವು.

ನನಗೆ ತುಂಬಾ ಹಿಡಿಸಿದ್ದು ಕೆಸರಿನ ಪ್ರಯೋಗ. ಡಾರ್ವಿನ್ ಒಂದು ಪುಟ್ಟ ಕೊಳದ ಅಂಚಿನಿಂದ, ಮೂರು ಕಡೆಯಿಂದ, ಮೂರು ದೊಡ್ಡ ಚಮಚದಷ್ಟು ಕೆಸರು ತೆಗೆದರು. ಒಂದು ಕಪ್ಪಿನಲ್ಲಿ ಹಿಡಿಸುವಷ್ಟು. ಅದನ್ನು ಮುಚ್ಚಿ ಓದುವ ಕೋಣೆಯಲ್ಲಿ ಆರು ತಿಂಗಳು ಇಟ್ಟರು. ಒಂದೊಂದು ಸಸಿ ಮೊಳೆತಂತೆ ಕಿತ್ತು ಎಣಿಸಿದರು. ಒಟ್ಟು 537 ಸಸಿ! ಒಂದು ಕಪ್ ಕೆಸರಿನಲ್ಲಿ ಅಷ್ಟು ಬೀಜ ಇದ್ದರೆ, ನೀರುಹಕ್ಕಿಯ ಕಾಲಿಗೆ ಮೆತ್ತಿದ ಮಣ್ಣಿನಲ್ಲಿ ಎಷ್ಟು ಬೀಜ ದೂರದ ಕೊಳಕ್ಕೆ ಹೋಗಬಹುದು ಎಂಬುದು ಅವರ ಪ್ರಶ್ನೆ. ಇದಕ್ಕೆ ಬೇಕಾದದ್ದು ಕಪ್ಪು, ಕೆಸರು, ತಾಳ್ಮೆ. ಐದು ವರ್ಷದ ಮಗುವೂ ಮಾಡಬಹುದು. ಒಂದು ದಿನದ ಕಾರ್ಯಕ್ರಮದಲ್ಲಿ ಮುಗಿಯುವುದಿಲ್ಲ, ಅದೇ ಇದರ ಚೆಲುವು. ಕಪ್ಪಿಗೆ ಹೆಸರು ಬರೆದು ಮನೆಗೆ ಕಳಿಸಬೇಕು. ವಾರಕ್ಕೊಮ್ಮೆ ಎಣಿಸಿ, ಹೊಸ ಸಸಿಯ ಚಿತ್ರ ಬರೆಯಲಿ. ಎಲೆಯ ಅಂಚು ಹೇಗಿದೆ ಅಂತ ಬರೆಯುವಾಗಲೇ ತಾನೇ ಸರಿಯಾಗಿ ನೋಡುವುದು?

ಎರೆಹುಳುಗಳ ಕಥೆಯೂ ಅಷ್ಟೇ ಚೆಂದ. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಅವುಗಳ ಎದುರು ಸೀಟಿ ಊದಿದರು, ಬಸೂನ್ ವಾದ್ಯ ನುಡಿಸಿದರು, ಪಿಯಾನೊ ಬಾರಿಸಿದರು. ಹುಳುಗಳು ಅಲ್ಲಾಡಲಿಲ್ಲ. ಕುಂಡವನ್ನು ಪಿಯಾನೊ ಮೇಲೇ ಇಟ್ಟು ಸ್ವರ ಬಾರಿಸಿದಾಗ ಮಾತ್ರ ಬಿಲದೊಳಕ್ಕೆ ಓಡಿದವು. ಸದ್ದು ಕೇಳದಿದ್ದರೂ ಅದುರು ತಿಳಿಯುತ್ತದೆ ಅಂತಾಯಿತು. ಹುಳುಗಳು ಬಿಲದ ಬಾಯಿಗೆ ಎಲೆ ಎಳೆದುಕೊಳ್ಳುತ್ತವೆ. ಯಾವ ತುದಿ ಹಿಡಿದು ಎಳೆಯುತ್ತವೆ ಎಂದು ತಿಳಿಯಲು ಡಾರ್ವಿನ್ ಉದ್ದನೆಯ ತ್ರಿಕೋನಗಳಾಗಿ ಕಾಗದ ಕತ್ತರಿಸಿ ಹರಡಿದರು. ಹುಳುಗಳು ಎಳೆದ 303 ತುಂಡುಗಳಲ್ಲಿ ಶೇಕಡಾ 62ರಷ್ಟನ್ನು ಚೂಪಾದ ತುದಿಯಿಂದಲೇ ಎಳೆದಿದ್ದವು. ಕತ್ತರಿ ಹಿಡಿಯಲು ಈಗಷ್ಟೇ ಕಲಿತ ಮಗುವಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ಕಲೆಯ ಮಾತು ಬಂದರೆ, ಡಾರ್ವಿನ್ 1859ರಲ್ಲಿ ಹೊರತಂದ ‘ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್’ ಎಂಬ ಪ್ರಸಿದ್ಧ ಪುಸ್ತಕದ ಕೈಬರಹದಲ್ಲಿ ಹೆಚ್ಚಿನ ಹಾಳೆಗಳು ಈಗ ಇಲ್ಲ. ಉಳಿದವುಗಳಲ್ಲಿ ಕೆಲವು ಉಳಿದದ್ದು ಅವುಗಳ ಬೆನ್ನಿಗೆ ಮಕ್ಕಳು ಚಿತ್ರ ಬರೆದಿದ್ದರಿಂದ. ಹಣ್ಣು ತರಕಾರಿಗಳ ಮೇಲೆ ಸವಾರಿ ಮಾಡುತ್ತಾ ಕಾದಾಡುವ ಸೈನಿಕರ ಬಣ್ಣದ ಚಿತ್ರ ಒಂದರ ಬೆನ್ನಿಗಿದೆ. ಅಪ್ಪ ಅಮ್ಮ ಅದನ್ನು ಮಗುವಿನ ಚಿತ್ರವೆಂದು ಎತ್ತಿಟ್ಟರು, ಹಾಗಾಗಿ ಅಪ್ಪನ ಬರಹವೂ ಉಳಿಯಿತು. ಆ ಮನೆಯಲ್ಲಿ ಚಿತ್ರದ ಕೆಲಸ ಕೊಡುವುದಾದರೆ, ಒಂದು ಬದಿ ಬರೆದು ಬಿಟ್ಟ ಹಾಳೆಗಳನ್ನೇ ಮಕ್ಕಳಿಗೆ ಕೊಡಲಿ ಅಂತ ನನ್ನ ಆಸೆ.

ಇನ್ನು ಲಿಂಕನ್‌ಶೈರ್‌ನ ವೂಲ್ಸ್‌ಥಾರ್ಪ್ ಮ್ಯಾನರ್. 1642ರಲ್ಲಿ ನ್ಯೂಟನ್ ಹುಟ್ಟಿದ ಮನೆ. ಕುಟುಂಬಗಳು ಕೈಯಾರೆ ಪ್ರಯೋಗ ಮಾಡಲು ಅಲ್ಲಿ ವಿಜ್ಞಾನ ಕೇಂದ್ರವೇ ಇದೆ. ಸೇಬು, ಪಟ್ಟಕ ಎಲ್ಲರಿಗೂ ಗೊತ್ತು. ನನಗೆ ಗೋಡೆಯ ಕಥೆ ಹೆಚ್ಚು. 2017ರಲ್ಲಿ ಒಲೆಗೂಡಿನ ಪಕ್ಕದ ಗೋಡೆಯಲ್ಲಿ ಗಾಳಿಯಂತ್ರದ ಒಂದು ಗೀಚು ಚಿತ್ರ ಸಿಕ್ಕಿತು. ಬಾಲಕ ನ್ಯೂಟನ್ ಗೀಚಿದ್ದೇ ಇರಬೇಕು ಎಂದು ನಂಬಲಾಗಿದೆ. ಬರಿಗಣ್ಣಿಗೆ ಕಾಣದ ಆ ಗೆರೆಗಳನ್ನು ಬೇರೆ ಬೇರೆ ಓರೆಯಿಂದ ಬೆಳಕು ಬಿಟ್ಟು, ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಸೇರಿಸಿ ಕಂಡುಕೊಂಡರು. ಇದನ್ನು ಮಕ್ಕಳು ಮಾಡಬಹುದು. ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ತೀರಾ ತೆಳ್ಳಗೆ ಒಂದು ಚಿತ್ರ ಗೀಚಿ, ಒಣಗಿದ ಮೇಲೆ ಬೇರೆ ಮನೆಯವರ ಕೈಗೆ ಕೊಡಿ. ಎದುರಿನಿಂದ ಟಾರ್ಚ್ ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಹಲಗೆಗೆ ತಾಗುವಷ್ಟು ಕೆಳಗಿನಿಂದ ಬಿಟ್ಟರೆ ಗೆರೆಗಳ ನೆರಳು ಬಿದ್ದು ಚಿತ್ರ ಎದ್ದು ಬರುತ್ತದೆ. ಒಂದೇ ಟಾರ್ಚಿನಲ್ಲಿ ಬೆಳಕಿನ ಪಾಠವೂ ಆಯಿತು, ಉಬ್ಬುಚಿತ್ರದ ಪಾಠವೂ ಆಯಿತು.

ಬಾತ್ ಊರಿನ ಹರ್ಷೆಲ್ ಅವರ ಮನೆಯನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಣ್ಣ ವಿಲಿಯಂ, ಅಂದರೆ ಆಗಲೇ ಹೇಳಿದ ಜಾನ್ ಹರ್ಷೆಲ್ ಅವರ ತಂದೆ, ಮತ್ತು ತಂಗಿ ಕ್ಯಾರೊಲಿನ್, ಇಬ್ಬರೂ ಸಂಗೀತಗಾರರು. ದೂರದರ್ಶಕದ ಕನ್ನಡಿಯನ್ನು ಮನೆಯಲ್ಲೇ ಎರಕ ಹೊಯ್ದು, ಗಂಟೆಗಟ್ಟಲೆ ಉಜ್ಜುತ್ತಿದ್ದರು. ಅಣ್ಣ ಕನ್ನಡಿಯಿಂದ ಕೈ ತೆಗೆಯುವಂತಿಲ್ಲ ಅಂದಾಗ ತಂಗಿ ತುತ್ತು ಬಾಯಿಗಿಡುತ್ತಿದ್ದರು. 1781ರ ಮಾರ್ಚ್ 13ರಂದು ಆ ಮನೆಯ ಹಿತ್ತಲಿನಿಂದಲೇ ವಿಲಿಯಂ ಯುರೇನಸ್ ಕಂಡರು. ಅಲ್ಲಿ ಮಕ್ಕಳಿಗೆ ವಿಜ್ಞಾನದ ಜೊತೆ ಸಂಗೀತ ಕೊಟ್ಟರೆ ಸರಿಹೊಂದುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮನೆಯ ಕಷ್ಟವನ್ನೂ ಹೇಳಬೇಕು. ಹಳೆಯ ಕೋಣೆಯಲ್ಲಿ ನೀರು, ಶಾಯಿ, ಅಂಟು ಬೇಡವೇ ಬೇಡ. ಅಲ್ಲಿ ಪೆನ್ಸಿಲ್ ಮಾತ್ರ. ಕೆಸರು, ಬಣ್ಣ ಎಲ್ಲ ತೋಟದಲ್ಲಿ ಅಥವಾ ಹಿಂದಿನ ಕುದುರೆ ಲಾಯದಂಥ ಜಾಗದಲ್ಲಿ. ಕೋಣೆಗಳು ಯಾಕಿಷ್ಟು ಕತ್ತಲೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬಟ್ಟೆ, ನೀರುಬಣ್ಣದ ಚಿತ್ರಗಳ ಮೇಲೆ ಬೆಳಕು 50 ಲಕ್ಸ್ ದಾಟದಂತೆ ನೋಡಿಕೊಳ್ಳುವುದು ವಾಡಿಕೆ; ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ. ಹಾಳೆಯನ್ನು ನೀಲಿ ಮಾಡಿದ ಬಿಸಿಲೇ ಪರದೆಯ ಬಣ್ಣವನ್ನು ತಿನ್ನುತ್ತದೆ. ಇದನ್ನು ಅಳೆಯಲು ಎಂಟು ನೀಲಿ ಉಣ್ಣೆ ಪಟ್ಟಿಗಳಿರುವ ಒಂದು ಕಾರ್ಡನ್ನು ಕೋಣೆಯಲ್ಲಿ ಇಟ್ಟಿರುತ್ತಾರೆ. ಅರ್ಧ ಮುಚ್ಚಿ, ಅರ್ಧ ಬಿಟ್ಟು. ಮೊದಲ ಪಟ್ಟಿ ಬೇಗ ಮಾಸುತ್ತದೆ, ಎಂಟನೆಯದು ತೀರಾ ನಿಧಾನ. ಆ ಕಾರ್ಡನ್ನು ಮಕ್ಕಳ ಕೈಗೆ ಕೊಟ್ಟು ಮುಚ್ಚಳ ಸರಿಸಿ ತೋರಿಸಿ. ‘ಮುಟ್ಟಬೇಡಿ’ ಫಲಕಕ್ಕೂ ‘ಪರದೆ ಸರಿಸಬೇಡಿ’ ಎಂಬ ಮಾತಿಗೂ ಕಾರಣ ಆಗ ತಾನಾಗಿ ತಿಳಿಯುತ್ತದೆ.

ಕಾರ್ಯಕ್ರಮ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಅಪ್ಪ ಅಮ್ಮಂದಿರನ್ನು ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಬೇಡಿ. ಇಬ್ಬರು ಸೇರಿದರೆ ಮಾತ್ರ ಆಗುವ ಕೆಲಸ ಕೊಡಿ. ಒಬ್ಬರು ಗಾಜು ಒತ್ತಿ ಹಿಡಿಯಲಿ, ಇನ್ನೊಬ್ಬರು ಹೊತ್ತು ನೋಡಲಿ. ಅಜ್ಜಿ ತಾತ ಬಂದಿದ್ದರೆ ಅವರಿಗೂ ಒಂದು ಕೆಲಸ ಇರಲಿ. ಮಸುಕಾಗಿ ಬಂದ ಅಚ್ಚನ್ನು ಎಸೆಯಬೇಡಿ. ಚೆನ್ನಾಗಿ ಬಂದದ್ದರ ಪಕ್ಕದಲ್ಲೇ ಒಣಹಾಕಿ, ಎರಡರಲ್ಲಿ ಏನು ಬೇರೆಯಾಯಿತು ಅಂತ ಎಲ್ಲರೂ ನೋಡಲಿ.

ಹೋಗುವವರಿಗೂ ಒಂದು ಮಾತು. ಮಾಸಿದರೆ ಬೇಜಾರಾಗದ ಬಟ್ಟೆ ಹಾಕಿಕೊಂಡು ಹೋಗಿ. ಮತ್ತೆ, ಮೊದಲು ಮನೆ ಸುತ್ತಿ ನೋಡಿ ಆಮೇಲೆ ಕಾರ್ಯಕ್ರಮಕ್ಕೆ ಕೂರುವ ಬದಲು, ಮೊದಲು ಕೈಕೆಲಸ ಮುಗಿಸಿ. ಡಬ್ಬಿಯಲ್ಲಿ ಕಿಟಕಿ ನೋಡಿದ ಮಗು ಕೋಣೆಗೆ ಹೋದ ಕೂಡಲೇ ಕಿಟಕಿಯನ್ನೇ ಹುಡುಕುತ್ತದೆ. ಟಾರ್ಚ್ ಹಿಡಿದ ಮಗು ಗೋಡೆ ನೋಡುತ್ತದೆ. ಆಗ ಯಾವ ಕೋಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಅವರೇ ಹೇಳಲಿ, ನೀವು ಹಿಂದೆ ಹೋಗಿ.

ನಮಸ್ಕಾರ.