ಯುದ್ಧದ ಟ್ಯಾಂಕ್ ಮಾರಿ ಶಾಲೆ ಕಟ್ಟಿದ ಅಮ್ಮಂದಿರು! ನಮ್ಮ ಅಂಗನವಾಡಿಗೂ ಅದಕ್ಕೂ ಏನು ಸಂಬಂಧ?

[ದೃಶ್ಯ: ದಾವಣಗೆರೆ ಹತ್ತಿರದ ಒಂದು ಅಂಗನವಾಡಿ. ಬಾಗಿಲ ಮುಂದೆ ಪುಟ್ಟ ಪುಟ್ಟ ಚಪ್ಪಲಿಗಳು.]

ಎಲ್ಲರಿಗೂ ನಮಸ್ಕಾರ. ಹರಿಹರದ ಕಡೆಯ ತಾಯಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. “ಮಗುವನ್ನು ಅಂಗನವಾಡಿಗೆ ಬಿಟ್ಟು ಬರುತ್ತೇವೆ. ಕಲಿಸೋದು ಟೀಚರ್ ಕೆಲಸ. ಮತ್ತೆ ನಮ್ಮನ್ನು ಸಭೆಗೆ ಯಾಕೆ ಕರೆಯುತ್ತಾರೆ? ಹೋದರೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ, ಅಷ್ಟೇ.”

ಅಕ್ಕಾ, ನೀವು ಕೇಳಿದ್ದು ನ್ಯಾಯವಾಗಿಯೇ ಇದೆ.

ಗೊತ್ತಿರೋ ವಿಷಯ ಬೇಗ ಮುಗಿಸಿಬಿಡುತ್ತೇನೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. 3ರಿಂದ 6 ವರ್ಷದ ಮಕ್ಕಳಿಗೆ ಆಟ, ಪಾಠ, ಊಟ. ಅದಕ್ಕಿಂತ ಚಿಕ್ಕ ಮಕ್ಕಳು, ಗರ್ಭಿಣಿಯರು, ಬಾಣಂತಿಯರಿಗೆ ಪೌಷ್ಟಿಕ ಆಹಾರ. ಆಯ್ತಾ? ಈಗ ಸೀದಾ ಇಟಲಿಗೆ ಹೋಗೋಣ.

[ದೃಶ್ಯ: ಇಟಲಿಯ ನಕ್ಷೆ. ರೆಜಿಯೋ ಎಮಿಲಿಯಾ.]

1945. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ. ರೆಜಿಯೋ ಎಮಿಲಿಯಾ ಪಟ್ಟಣದ ಹತ್ತಿರ ವಿಲ್ಲಾ ಚೆಲ್ಲಾ ಅಂತ ಒಂದು ಹಳ್ಳಿ. ಓಡಿಹೋದ ಜರ್ಮನ್ ಸೈನಿಕರು ಅಲ್ಲಿ ಒಂದು ಟ್ಯಾಂಕ್, ಕೆಲವು ಟ್ರಕ್, ಒಂದಷ್ಟು ಕುದುರೆ ಬಿಟ್ಟು ಹೋಗಿದ್ದರು. ಊರವರು ಎಲ್ಲವನ್ನೂ ಮಾರಿದರು. ಹೌದು, ಟ್ಯಾಂಕನ್ನೂ! ನಮ್ಮ ಕಡೆ ಆಗಿದ್ದರೆ ಗುಜರಿಯವನು “ಇದರಲ್ಲಿ ತುಕ್ಕೇ ಜಾಸ್ತಿ ಇದೆ ಅಣ್ಣಾ” ಅಂತ ಅರ್ಧ ರೇಟಿಗೆ ಕೇಳುತ್ತಿದ್ದ.

ಬಂದ ದುಡ್ಡಲ್ಲಿ ಏನು ಮಾಡೋದು? ಗಂಡಸರಿಗೆ ನಾಟಕದ ಥಿಯೇಟರ್ ಬೇಕಿತ್ತು. ನಮ್ಮಲ್ಲಿ ಏನಾದರೂ ಅನುದಾನ ಬಂದರೆ ಮೊದಲು ಸಮುದಾಯ ಭವನ ಅನ್ನುತ್ತಾರಲ್ಲ, ಹಾಗೆ. ಹೆಂಗಸರು ಒಪ್ಪಲಿಲ್ಲ. ಮಕ್ಕಳಿಗೆ ಶಾಲೆಯೇ ಆಗಬೇಕು ಅಂತ ಹಟ ಹಿಡಿದರು, ಗೆದ್ದರು. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಆರಿಸಿ ತಂದರು. ಹೊಳೆಯಿಂದ ಮರಳು ತಂದರು. ಭಾನುವಾರ, ರಾತ್ರಿ ಅಂತ ನೋಡದೆ ತಾವೇ ಕಟ್ಟಿದರು. ಲೋರಿಸ್ ಮಾಲಗುಝ್ಝಿ ಅನ್ನೋ ಯುವ ಮೇಷ್ಟ್ರು ಈ ಸುದ್ದಿ ಕೇಳಿ, ನಂಬಲಾರದೆ, ಸೈಕಲ್ ಏರಿ ನೋಡೋಕೆ ಬಂದರು. ಮುಂದೆ ಅವರ ಬದುಕೇ ಅದಾಯಿತು. ಇವತ್ತು ಜಗತ್ತಿನ ಎಲ್ಲೆಲ್ಲಿಂದಲೋ ಶಿಕ್ಷಕರು ರೆಜಿಯೋ ಶಾಲೆಗಳನ್ನು ನೋಡೋಕೆ ಹೋಗುತ್ತಾರೆ.

ಈ ಕಥೆ ನನಗೆ ಯಾಕಿಷ್ಟು ಇಷ್ಟ ಅಂದರೆ, ಆ ಅಮ್ಮಂದಿರನ್ನು ಯಾರೂ ಸಭೆಗೆ ಕರೆದಿರಲಿಲ್ಲ. ಶಾಲೆ ಅವರದೇ ಆಗಿತ್ತು. ಮದುವೆ ಮನೆ ನೋಡಿ: ಪಂಕ್ತಿಯಲ್ಲಿ ಉಂಡು ಎದ್ದು ಹೋಗುವವರು ಸಾರಿಗೆ ಉಪ್ಪು ಕಡಿಮೆ ಅಂತ ಗೊಣಗುತ್ತಾರೆ. ಬಡಿಸೋಕೆ ನಿಂತವರು ಓಡಿಹೋಗಿ ಉಪ್ಪು ತರುತ್ತಾರೆ. ನಾವು ತಂದೆತಾಯಿಯರನ್ನು ಪಂಕ್ತಿಯಲ್ಲೇ ಕೂರಿಸಿಬಿಟ್ಟಿದ್ದೇವೆ. ಸಹಿ ಹಾಕಿ, ಎದ್ದು ಹೋಗಿ.

[ದೃಶ್ಯ: ಕಾರ್ಯಕರ್ತೆ ಒಂದು ಮನೆಯ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದಾರೆ.]

ಇದು ಬರೀ ಭಾವನೆಯ ಮಾತಲ್ಲ. 1960ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪೆರ್ರಿ ಪ್ರಿಸ್ಕೂಲ್ ಅಂತ ಒಂದು ಪ್ರಯೋಗ ನಡೆಯಿತು. ಪ್ರಿಸ್ಕೂಲ್ ಅಂದರೆ ನಮ್ಮ ಅಂಗನವಾಡಿ ಥರ, ಒಂದನೇ ಕ್ಲಾಸಿಗೂ ಮುಂಚಿನ ಶಾಲೆ. 123 ಬಡ ಮಕ್ಕಳು. 58 ಮಕ್ಕಳಿಗೆ ದಿನಾ ಎರಡೂವರೆ ಗಂಟೆ ಶಾಲೆ, ಉಳಿದವರಿಗೆ ಇಲ್ಲ. ಜೊತೆಗೆ ಟೀಚರ್ ವಾರಕ್ಕೊಮ್ಮೆ ಮನೆಗೇ ಹೋಗಿ, ಸುಮಾರು ಒಂದೂವರೆ ಗಂಟೆ ತಾಯಿ-ಮಗುವಿನ ಜೊತೆ ಕೂರುತ್ತಿದ್ದರು. ಆ ಮಕ್ಕಳಿಗೆ 40 ವರ್ಷ ಆದಾಗ ಮತ್ತೆ ಹುಡುಕಿ ನೋಡಿದರು. ಶಾಲೆಗೆ ಹೋದವರಲ್ಲಿ ಕೆಲಸದಲ್ಲಿದ್ದವರು ಜಾಸ್ತಿ, ಜೈಲಿಗೆ ಹೋದವರು ಕಡಿಮೆ. ಮನೆ ಭೇಟಿಯಿಂದಲೇ ಹೀಗಾಯಿತು ಅನ್ನೋಕಾಗಲ್ಲ, ಶಾಲೆ, ಭೇಟಿ ಎರಡೂ ಒಟ್ಟಿಗೇ ಇದ್ದವು. ಆದರೆ ವಾರಕ್ಕೆ ಒಂದೂವರೆ ಗಂಟೆ! ನಮ್ಮ ಕಾರ್ಯಕರ್ತೆಯರೂ ಮನೆ ಭೇಟಿ ಮಾಡುತ್ತಾರೆ. ಜೊತೆಗೆ ತೂಕ, ಎತ್ತರ, ಅದನ್ನೆಲ್ಲ ಮೊಬೈಲಿನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್, ಸರ್ವೆ, ರಿಜಿಸ್ಟರ್. ಕಟ್ಟೆ ಮೇಲೆ ಕೂತು ಮಾತಾಡೋಕೆ ಅವರಿಗೆ ಪುರುಸೊತ್ತು ಎಲ್ಲಿದೆ ಹೇಳಿ?

ಅಯ್ಯೋ, ಟೈಮ್ ಆಗುತ್ತಾ ಬಂತು. ತಂದೆತಾಯಿಯರನ್ನು ಪಂಕ್ತಿಯಿಂದ ಎಬ್ಬಿಸಿ ಬಡಿಸೋಕೆ ನಿಲ್ಲಿಸೋದು ಹೇಗೆ? ಬೇಗ ಬೇಗ ಹೇಳಿಬಿಡುತ್ತೇನೆ.

ಒಂದು, ಹೊತ್ತು. ಭದ್ರಾ ನಾಲೆಯ ನೀರು ಬಂದು ನಾಟಿ ಶುರುವಾದಾಗ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಯಾರು ಬರುತ್ತಾರೆ? ಹೆಂಗಸರೆಲ್ಲ ಗದ್ದೆಯಲ್ಲಿ ಇರುತ್ತಾರೆ. ಕೆಲಸ ಮುಗಿಸಿ ಬಂದ ಮೇಲೆ ಇಡಿ.

ಇನ್ನೊಂದು, ಭಾಷೆ. ಮನೆಯಲ್ಲಿ ಪಟಪಟ ಅಂತ ಲಂಬಾಣಿ ಮಾತಾಡುವ ತಾಂಡಾದ ಮಗು ಅಂಗನವಾಡಿಯಲ್ಲಿ ಗೋಡೆ ಹಿಡಿದು ಕೂತುಬಿಡುತ್ತೆ. ವಾರಕ್ಕೊಂದು ದಿನ ಅಜ್ಜಿಯೊಬ್ಬರನ್ನು ಕರೆದು ಅವರ ಮಾತಿನಲ್ಲೇ ಒಂದು ಕಥೆ ಹೇಳಿಸಿ. ಖರ್ಚು ಅಂದರೆ ಒಂದು ಲೋಟ ಚಹಾ.

ಆಮೇಲೆ ಬಾಲವಿಕಾಸ ಸಮಿತಿ. ನಮ್ಮ ರಾಜ್ಯದ ಅಂಗನವಾಡಿಗಳಿಗೆ, ಅವು ಹೇಗೆ ನಡೆಯುತ್ತಿವೆ ಅಂತ ನೋಡಿಕೊಳ್ಳೋಕೆ ಊರವರದೇ ಈ ಸಮಿತಿ ಇದೆ, ತಾಯಂದಿರೂ ಅದರಲ್ಲಿ ಇರುತ್ತಾರೆ. ನಿಮ್ಮೂರಲ್ಲಿ ಅಧ್ಯಕ್ಷರು ಯಾರು ಅಂತ ಕೇಳಿ ನೋಡಿ. ಕೆಲವು ಕಡೆ ಅಧ್ಯಕ್ಷರಿಗೇ ತಾವು ಅಧ್ಯಕ್ಷರು ಅಂತ ಗೊತ್ತಿರಲ್ಲ ಅನ್ನೋದು ನನ್ನ ಗುಮಾನಿ.

ಕೊನೆಗೆ ಅಪ್ಪಂದಿರು. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ಒಂದು ಗಂಟೆ ನಿಲ್ಲೋಕೆ ಆಗುತ್ತೆ ಅಲ್ವಾ? ಅದರಲ್ಲಿ ಹತ್ತು ನಿಮಿಷ ಅಂಗನವಾಡಿ ಕಡೆ ಹೋಗಿ. ಕಿಟಕಿಯ ಚಿಲಕವೋ ನಲ್ಲಿಯೋ ಏನೋ ಒಂದು ಕೆಟ್ಟಿರುತ್ತೆ. ಹೋಗುವಾಗ ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ.